ನೀಲವ್ವನ ಎರಿಗಾಲು

ನನ್ನ ಮೇಜಿನ ಮೂಲೆಯಲ್ಲಿ ಒಂದು ಗಾಜಿನ ಬಾಟಲಿ ಇದೆ. ಒಂದು ಕಾಲಕ್ಕೆ ಅದರಲ್ಲಿ ಅವ್ವನ ಲಿಂಬಿಕಾಯಿ ಉಪ್ಪಿನಕಾಯಿ ಇರುತ್ತಿತ್ತು. ಈಗ ಸವೆದ ರಬ್ಬರಿನ ತುಂಡುಗಳಿವೆ. ಒಂದು ಶೇಂಗಾ ಬೀಜದಷ್ಟು, ಒಂದು ಬಟಾಣಿಯಷ್ಟು, ಕೆಲವಂತೂ ಬೆರಳಿಗೆ ಸಿಕ್ಕದಷ್ಟು ಸಣ್ಣವು. ಮನೆಗೆ ಬಂದವರು ಬಾಟಲಿ ಅಲ್ಲಾಡಿಸಿ, "ಇವನ್ನ್ಯಾಕ ಇಟಗೊಂಡೀರಿ, ಚೆಲ್ಲಬಾರದೇನ್ರಿ?" ಎನ್ನುತ್ತಾರೆ. ನಾನು ನಕ್ಕು ಚಹಾ ತರಲು ಒಳಗೆ ಹೋಗುತ್ತೇನೆ. ನಿಮಗೆ ಮಾತ್ರ ನಿಜ ಹೇಳಿಬಿಡುತ್ತೇನೆ: ಮಂದಿಯ ಮಾತು ಕೇಳಿ ನಾನು ಏನೇನು ಅಳಿಸಿದ್ದೇನೋ ಅದರ ಲೆಕ್ಕಕ್ಕೆ ಈ ತುಂಡುಗಳೇ ಸಾಕ್ಷಿ.

ಮೇಜು ಎಂದೆನಲ್ಲ, ಅದು ಜಂಬದ ಮಾತು. ಕುರ್ತಕೋಟಿಯ ನಮ್ಮ ಹಳೆಯ ಮನೆಯದೊಂದು ಬಾಗಿಲನ್ನು ತಂದು ಎರಡು ಟ್ರಂಕಿನ ಮೇಲೆ ಮಲಗಿಸಿದ್ದೇನೆ. ಚಿಲಕದ ತೂತು ಹಾಗೇ ಇದೆ, ಅದರಲ್ಲಿ ಕುಂಚ ನಿಲ್ಲಿಸುತ್ತೇನೆ. ಗದಗಿನ ಬೆಟಗೇರಿಯ ಈ ಓಣಿಯಲ್ಲಿ, ಪಕ್ಕದ ಮನೆಯ ಮಗ್ಗದ ಸದ್ದು ಕೇಳುತ್ತ, ಈ ಬಾಗಿಲಿನ ಮೇಲೆ ಬಗ್ಗಿ ಮೂವತ್ತು ವರ್ಷ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದಿದ್ದೇನೆ. ಓಣಿಯವರಿಗೆ ಇದಿನ್ನೂ ಒಗಟು. ಎದುರು ಮನೆಯ ಕಾಕಾ ಪ್ರತಿ ವರ್ಷ ಒಮ್ಮೆಯಾದರೂ ಕೇಳುತ್ತಾರೆ: "ಚಿತ್ರಾ ತಗಿಯೂದು ಖರೆ ಕಸ್ತೂರಿ, ಉದ್ಯೋಗ ಏನ್ ಮಾಡತೀ?"

ಬಾಟಲಿಯಲ್ಲಿರುವ ಆ ಉದ್ದನೆಯ ತುಂಡು ನೋಡಿ, ಅದು ಒಬ್ಬ ಹುಡುಗನ ಸುಂಬಳ ಅಳಿಸಿದ್ದು. ಚಳಿಗಾಲದ ಕತೆ, ಐದು ವರ್ಷದ ಹುಡುಗ. ಮೂಗು ಸೋರದೆ ಇನ್ನೇನಾಗುತ್ತದೆ? ಪುಸ್ತಕ ಮಾಡುವವರು ಒಪ್ಪಲಿಲ್ಲ. ಅದರ ಪಕ್ಕದ್ದು ಒಬ್ಬ ಅಜ್ಜಿಯ ಎಲೆಯಡಿಕೆಯ ಸಂಚಿ ಅಳಿಸಿದ್ದು. ಮಕ್ಕಳಿಗೆ ಚಟ ಕಲಿಸಿದಂತಾಗುತ್ತದೆ, ಕೈಗೆ ಒಂದು ಪುಸ್ತಕ ಕೊಡಿ ಎಂದರು. ಕೊಟ್ಟೆ. ಶಾಲೆಯ ಕಟ್ಟೆ ಹತ್ತದ ಆ ಅಜ್ಜಿ ಹನ್ನೆರಡು ಪುಟ ಪುಸ್ತಕ ಹಿಡಿದು ಕೂತಳು, ಪಾಪ, ಬಾಯಿ ಮಾತ್ರ ಎಲೆ ಅಗಿಯುತ್ತಿರುವಂತೆಯೇ ಉಳಿಯಿತು. ಅದನ್ನು ತಿದ್ದಲು ನನಗೆ ನೆನಪಾಗಲಿಲ್ಲ, ಅವರಿಗೆ ಗೊತ್ತಾಗಲಿಲ್ಲ.

ಮನೆಗಳದ್ದಂತೂ ಕೇಳಲೇಬೇಡಿ. ಮೊದಮೊದಲು ನಾನು ನಮ್ಮ ಕಡೆಯ ಮಾಳಿಗೆ ಮನೆಗಳನ್ನೇ ಬರೆಯುತ್ತಿದ್ದೆ. ಚಪ್ಪಟೆ ಮಣ್ಣಿನ ಮಾಳಿಗೆ, ಮೇಲೆ ಒಣಹಾಕಿದ ಮೆಣಸಿನಕಾಯಿ. "ಮೇಡಂ, ಚಾವಣಿ ಹಾಕೋದು ಮರೆತಿದ್ದೀರಿ" ಎಂದು ಬೆಂಗಳೂರಿನಿಂದ ಫೋನು ಬಂತು. ಇದೇ ಚಾವಣಿ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಅಳಿಸಿ ಇಳಿಜಾರು ಹೆಂಚು ಹೊದಿಸಿದೆ, ಪುಕ್ಕಟೆಯಾಗಿ ಎರಡು ತೆಂಗಿನ ಮರವನ್ನೂ ನೆಟ್ಟೆ. ಆಮೇಲೆ ಅವರು ಕೇಳುವ ಮೊದಲೇ ಹೆಂಚು ಹೊದಿಸುವುದು ರೂಢಿಯಾಯಿತು.

ಅಳಿಸುವ ಈ ವಿದ್ಯೆ ನನಗೆ ಶಾಲೆಯಲ್ಲೇ ಹತ್ತಿದ್ದು. ನಮ್ಮ ಡ್ರಾಯಿಂಗ್ ಮಾಸ್ತರರು ಖಾಲಿ ಟೇಬಲ್ ತೋರಿಸಿ, "ಇಲ್ಲೊಂದು ಆ್ಯಪಲ್ ಐತಿ ಅಂತ ತಿಳಕೊಂಡು ತಗೀರಿ" ಎನ್ನುತ್ತಿದ್ದರು. ನಮ್ಮಲ್ಲಿ ಯಾರೂ ಆ್ಯಪಲ್ ಕಂಡವರಲ್ಲ. ನಾನು ಪೇರಲ ಹಣ್ಣು ಬರೆದೆ, ಒಂದು ಕಡೆ ಗಿಳಿ ಕಚ್ಚಿದ ಗುರುತಿನ ಸಮೇತ. "ಅಳಸ" ಎಂದರು. ರಬ್ಬರು ಇರಲಿಲ್ಲ. ಬೆರಳಿಗೆ ಉಗುಳು ಹಚ್ಚಿ ತಿಕ್ಕಿದೆ, ತಿಕ್ಕಿದೆ, ಹಾಳೆ ತೂತು ಬಿತ್ತು. ಆ ತೂತಿನಿಂದ ಮಾಸ್ತರರ ಬೂಟು ಕಾಣುತ್ತಿದ್ದುದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಹೋದ ವರ್ಷ ನೀಲವ್ವ ಬಂದಳು. ನೀಲವ್ವ ಎಂದರೆ ಒಂದು ಕತೆಯ ಹುಡುಗಿ. ಬೆಂಗಳೂರಿನ ಒಂದು ಪ್ರಕಾಶನದವರು, ಶಾಲೆಗಳ ಗ್ರಂಥಾಲಯಕ್ಕೆಂದು ತರುವ ಪುಸ್ತಕ, ಚಿತ್ರ ಬರೆದುಕೊಡಿ ಎಂದು ಕಳಿಸಿದ್ದರು. ಎಂಟು ಸಾಲಿನ ಕತೆ, ಎಂಟು ಚಿತ್ರ. ಮಳೆ ನಿಂತಿತು. ನೀಲವ್ವ ಶಾಲೆಯಿಂದ ಹೊರಟಳು. ಹೊಲದ ದಾರಿ ಹಿಡಿದಳು. ನೀಲವ್ವನ ಕಾಲು ಭಾರವಾದವು. ಇನ್ನೂ ಭಾರವಾದವು. ಹೀಗೇ ಹೋಗಿ ಕಡೆಗೆ ಅವಳು ಮನೆ ಮುಟ್ಟುತ್ತಾಳೆ. ಅಷ್ಟೇ ಕತೆ. ಓದಿ ಮುಗಿಸುವಷ್ಟರಲ್ಲಿ ನನ್ನ ಮೈಮೇಲೆ ಮುಳ್ಳು ಎದ್ದಿದ್ದವು, ಏಕೆಂದರೆ ಆ ದಾರಿಯಲ್ಲಿ ನಾನು ಏಳು ವರ್ಷ ನಡೆದಿದ್ದೇನೆ.

ಎರೆಮಣ್ಣು ನೋಡದವರಿಗೆ ಒಂದು ಮಾತು ಹೇಳಬೇಕು. ನಮ್ಮ ಕರಿ ಹೊಲದ ಮಣ್ಣು ಬೇಸಿಗೆಯಲ್ಲಿ ಬಿರಿದು ಕಾಲು ಸಿಕ್ಕುವಷ್ಟು ಬಾಯಿ ಬಿಡುತ್ತದೆ. ಮಳೆ ಬಿದ್ದಿತೋ, ಹಿಡಿದವರನ್ನು ಬಿಡುವುದಿಲ್ಲ. ಒಂದು ಹೆಜ್ಜೆಗೆ ಒಂದು ಪದರ ರಾಡಿ ಕಾಲಿಗೆ ಹತ್ತುತ್ತದೆ, ಇನ್ನೊಂದು ಹೆಜ್ಜೆಗೆ ಅದರ ಮೇಲೊಂದು. ಹತ್ತು ಮಾರು ನಡೆಯುವುದರೊಳಗೆ ಕಾಲಿಗೆ ರೊಟ್ಟಿ ಬಡಿಯುವ ಕೊಣಮಿಗೆಯಷ್ಟು ಅಗಲದ ರಾಡಿ ಕಟ್ಟಿರುತ್ತದೆ. ಚಪ್ಪಲಿ ಹಾಕಿದ್ದರೆ ಅದು ಅಲ್ಲೇ ಉಳಿಯುತ್ತದೆ; ಜಾಣರು ಮೊದಲೇ ಕೈಯಲ್ಲಿ ಹಿಡಿದಿರುತ್ತಾರೆ. ನಾನು ತರಗತಿಗೇ ಗಿಡ್ಡಿ. ಮಳೆ ಬಂದ ದಿನ ಗೇಣುದ್ದ ಎತ್ತರವಾಗುತ್ತೇನೆಂದು ಹಿಗ್ಗುತ್ತಿದ್ದೆ. "ಎಲ್ಲಾರಿಗೂ ಹತ್ತತೈತಿ, ನೀ ಗಿಡ್ಡೀನ ಉಳೀತಿ" ಎಂದು ಅಣ್ಣ ನನ್ನ ಲೆಕ್ಕದಲ್ಲಿದ್ದ ತಪ್ಪು ತೋರಿಸಿದ. ನಾನೇನು ಸೋತೆನೇ? ಆವತ್ತಿನಿಂದ ಕಾಲುದಾರಿ ಬಿಟ್ಟು ಕುಂಟೆ ಹೊಡೆದು ಹರಗಿದ ಹೊಲದೊಳಗೇ ನಡೆದೆ. ಅಲ್ಲಿ ಹೆಚ್ಚು ಹತ್ತುತ್ತದೆ.

ಹಾಗಾಗಿ ನೀಲವ್ವನಿಗೆ ರಾಡಿ ಹಚ್ಚಲು ಕೂತವಳು ಕೈ ಬಿಗಿ ಹಿಡಿಯಲಿಲ್ಲ. ಮೂರನೇ ಚಿತ್ರದಲ್ಲಿ ಹಿಡಿಯಷ್ಟು, ನಾಲ್ಕನೆಯದರಲ್ಲಿ ಬುಟ್ಟಿಯಷ್ಟು. ಆರನೆಯದರಲ್ಲಿ ಹುಡುಗಿಗಿಂತ ಕಾಲೇ ದೊಡ್ಡದು, ಆಕಾಶಕ್ಕೆ ತಲೆ ತಾಗುವಂತೆ ನಿಂತಿದ್ದಾಳೆ, ಚಪ್ಪಲಿ ಕೈಯಲ್ಲಿ. ಬಣ್ಣ ಬೇಡ ಎಂದು ಬರೀ ಮಸಿಯಲ್ಲಿ ಬರೆದೆ. ನೀಲವ್ವನ ಲಂಗಕ್ಕೆ ಮಾತ್ರ ಕೆಂಪು. ಇಡೀ ಹದಿನೈದು ದಿನ ರಬ್ಬರು ಮುಟ್ಟಲಿಲ್ಲ. ಮೂವತ್ತು ವರ್ಷದಲ್ಲಿ ಇದೇ ಮೊದಲು ನನ್ನ ಊರನ್ನು ನನ್ನ ಊರಿನಂತೆ ಬರೆದಿದ್ದೆ. ಈ ಒಂದು ಪುಸ್ತಕ ಹೀಗೇ ಮಕ್ಕಳ ಕೈಗೆ ಹೋಗಬೇಕು, ಅದಕ್ಕಿಂತ ಹೆಚ್ಚಿನದು ನನಗೇನೂ ಬೇಡವಾಗಿತ್ತು.

ಚಿತ್ರಗಳನ್ನು ಒಣಗಲು ಹರವಿದ್ದೆ. ಅವ್ವ ಬಂದಳು. ಅವ್ವನಿಗೆ ಎಂಬತ್ತರ ಹತ್ತಿರ, ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿಕೊಂಡಿದ್ದಾಳೆ. ಅರ್ಧ ಆಯುಷ್ಯ ಎರೆ ಹೊಲದಲ್ಲಿ ಕಳೆ ತೆಗೆದವಳು. ನನ್ನ ಚಿತ್ರಗಳನ್ನು ಸಾಮಾನ್ಯವಾಗಿ ಆಕೆ ನೋಡುವುದೇ ಇಲ್ಲ. ಅವತ್ತು ಒಂದೊಂದರ ಮುಂದೆಯೂ ನಿಂತಳು. ಏಳನೆಯದರ ಮುಂದೆ ನಿಂತವಳು ಅಲ್ಲಾಡಲಿಲ್ಲ.

"ಏ ಕಸ್ತೂರಿ, ಈಕಿ ಎಲ್ಲಿ ನಿಂತಾಳ?"

"ಮನ್ಯಾಗ. ಮನಿ ಬಂತಲ್ಲಬೇ ಯವ್ವಾ, ಒಳಗ ಬಂದಾಳ."

"ಎರಿಗಾಲೀಲೆ?"

ನಾನು ಬಗ್ಗಿ ಚಿತ್ರ ನೋಡಿದೆ.

"ಸಾರಿಸಿದ ನೆಲದ ಮ್ಯಾಲೆ ಎರಿಗಾಲೀಲೆ ಬಂದಾಳಲ್ಲ, ಈಕಿಗೆ ಅವ್ವ ಇಲ್ಲೇನು? ಇದ್ದಿದ್ರ ಬೆನ್ನ ಮ್ಯಾಲೆ ನಾಲ್ಕು ಬೀಳತಿದ್ವು."

ತಪ್ಪು ಸೂರ್ಯನಷ್ಟು ಸ್ಪಷ್ಟವಾಗಿತ್ತು. ಎರೆ ಊರಿನಲ್ಲಿ ಹುಟ್ಟಿದ ಯಾವ ಮಗುವೂ ಹಾಗೆ ಒಳಗೆ ಬರುವುದಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತು, ಜೋಳದ ದಂಟಿನ ಚೂರಿನಿಂದ ಕೆತ್ತಿ, ಕೆತ್ತಿ, ಅಡಿಯ ಪದರ ಮುರಿಯದಂತೆ ಬಿಡಿಸಿ ಸಾಲಾಗಿ ಇಡುತ್ತೇವೆ. ಒಂದೊಂದರಲ್ಲೂ ಒಬ್ಬೊಬ್ಬರ ಹೆಜ್ಜೆ ಅಚ್ಚೊತ್ತಿರುತ್ತದೆ. ಯಾರದು ದೊಡ್ಡದು ಎಂದು ಜಗಳವಾಡಿ ಆಮೇಲೆ ಒಳಗೆ ಹೋಗುವುದು. ಬೆಟಗೇರಿಯ ಟೈಲ್ಸ್ ನೆಲದ ಮೇಲೆ ಇಷ್ಟು ವರ್ಷ ಓಡಾಡಿ ನನಗೆ ಅದು ಮರೆತೇ ಹೋಗಿತ್ತು. ನಾಚಿಕೆಯಾಯಿತು. ಏಳನೇ ಹಾಳೆಯನ್ನು ಹರಿದು ಒಲೆಗೆ ಹಾಕಿ ಹೊಸದಾಗಿ ಕೂತೆ. ಕಟ್ಟೆಯ ಮೇಲೆ ಕಾಲು ಕೆತ್ತುವ ನೀಲವ್ವ ಬಂದಳು, ಎಂಟನೆಯದನ್ನೂ ಬದಲಿಸಿದೆ, ಅದರಲ್ಲಿ ಸಾಲಾಗಿ ಒಣಗುವ ರಾಡಿಯ ಹೆಜ್ಜೆಗಳು ಬಂದವು. ಕನ್ನಡಕ ಮೇಲೆತ್ತಿ ನೋಡಿ ಅವ್ವ, "ಹಾಂ, ಈಗ ಆತು" ಎಂದಳು. ಮರುದಿನವೇ ಚಿತ್ರಗಳನ್ನು ಕಳಿಸಿದೆ.

ವಾರ ಕಳೆದು ಫೋನು. ಪ್ರಕಾಶನದಲ್ಲಿ ಪುಸ್ತಕ ನೋಡಿಕೊಳ್ಳುವ ಹುಡುಗಿಯ ಹೆಸರು ಅನುಷಾ. ತುಂಬ ಒಳ್ಳೆಯ ಹುಡುಗಿ, ಬೆಣ್ಣೆಯಂಥ ಮಾತು.

"ಚಿತ್ರಗಳು ತುಂಬಾ ಚೆನ್ನಾಗಿವೆ ಮೇಡಂ. ಒಂದೇ ಒಂದು ಸಣ್ಣ ತಿದ್ದುಪಡಿ."

ಒಂದೇ ಒಂದು ಎಂದಾಗ ನನ್ನ ಕೈ ತಾನಾಗಿಯೇ ರಬ್ಬರಿನ ಕಡೆ ಹೋಗುತ್ತದೆ, ಅಷ್ಟು ರೂಢಿ. "ಹೇಳ್ರಿ" ಎಂದೆ.

"ಪಾದಗಳು ತುಂಬಾ ದಪ್ಪ ಆಗಿವೆ. ನಮ್ಮ ಸಮಿತಿಯವರು ಆನೆಕಾಲು ರೋಗ ಅಂದುಕೊಂಡ್ರು."

"ಅದು ರಾಡಿರೀ. ಎರಿ ಮಣ್ಣು. ಕತಿಯೊಳಗ ಕಾಲು ಭಾರ ಆದ್ವು ಅಂತ ಐತೆಲ್ಲ, ಅದ."

"ಗೊತ್ತು ಮೇಡಂ. ಆದ್ರೆ ಮಣ್ಣು ಅಂದ್ರೆ ಕಂದು ಅಲ್ವಾ? ಇದು ಟಾರು ಥರ ಕಾಣುತ್ತೆ. ಸ್ವಲ್ಪ ತೆಳ್ಳಗೆ ಮಾಡಿ, ಸ್ವಲ್ಪ ಕಂದು ಹಾಕಿಬಿಡಿ. ಎರಡು ನಿಮಿಷದ ಕೆಲಸ."

"ಆಗೂದಿಲ್ಲರಿ."

ಈ ಮಾತು ನನ್ನ ಬಾಯಿಂದ ಬಂತೆಂದು ನನಗೇ ನಂಬಿಕೆಯಾಗಲಿಲ್ಲ. ಅನುಷಾಳಿಗೂ ಆಗಿರಲಿಕ್ಕಿಲ್ಲ. ನಾನೇ ಮುಂದುವರಿದೆ. "ತಪ್ಪಿದ್ರ ತಿದ್ದತೀನ್ರೀ. ಏಳನೇ ಚಿತ್ರಾ ತಪ್ಪ ಅಂತ ನಮ್ಮವ್ವ ಅಂದಳು, ಇಡೀ ಹಾಳಿ ಹರದು ಒಲಿಗೆ ಹಾಕೀನಿ. ಇದು ತಪ್ಪಲ್ಲ. ಇದನ್ನ ತಗದ್ರ ಕತಿನ ಇಲ್ಲ."

"ಸರಿ ಮೇಡಂ, ನಿಮಗೆ ತೊಂದರೆ ಬೇಡ. ಕಂಪ್ಯೂಟರಿನಲ್ಲಿ ನಾವೇ ಸರಿ ಮಾಡಿಕೊಳ್ತೀವಿ."

"ಮುಟ್ಟಬ್ಯಾಡ್ರಿ. ಮುಟ್ಟೂದಿದ್ರ ನನ್ನ ಚಿತ್ರಾ ವಾಪಸ್ ಕಳಸ್ರಿ."

"ನೋಡೋಣ ಮೇಡಂ" ಎಂದಳು ಅನುಷಾ.

ಏನು ನೋಡಿದರೋ. ಮೂರು ತಿಂಗಳಿಗೆ ಪಾರ್ಸೆಲ್ ಬಂತು. ಮುಖಪುಟದ ಮೇಲೆ ನನ್ನ ಹೆಸರು, ಒಳಗೆ ಪ್ಲಾಸ್ಟಿಕ್ ಗೊಂಬೆಯ ಕಾಲಿನ ನೀಲವ್ವ. ಹೊಲ ಬಿಸ್ಕೀಟಿನ ಬಣ್ಣಕ್ಕೆ ತಿರುಗಿತ್ತು. ಎಂಟನೇ ಪುಟದ ರಾಡಿಯ ಹೆಜ್ಜೆಗಳನ್ನು ತೆಗೆದುಹಾಕಿ ಅಲ್ಲಿ ಒಂದು ಹೂಕುಂಡ ಇಟ್ಟಿದ್ದರು. ನನಗೆ ಸಿಟ್ಟು ಬಂತು. ಪಾರ್ಸೆಲ್ ಹಾಗೇ ಮಂಚದ ಕೆಳಗೆ ತಳ್ಳಿದೆ. "ಬುಕ್ಕು ಬಂತೇನ?" ಎಂದು ಅವ್ವ ಕೇಳಿದಳು. "ಇನ್ನೂ ಇಲ್ಲಬೇ" ಎಂದೆ. ಅರವತ್ತಕ್ಕೆ ಬಂದವಳು ಅವ್ವನಿಗೆ ಸುಳ್ಳು ಹೇಳಿದೆ, ಅದೂ ಮುಖ ಬೇರೆ ಕಡೆ ತಿರುಗಿಸಿಕೊಂಡು.

ಆ ಹೊತ್ತಿಗೇ ಡಂಬಳದ ಒಂದು ಶಾಲೆಯಿಂದ ಕರೆ ಬಂದಿತ್ತು, ಮಕ್ಕಳಿಗೆ ಚಿತ್ರ ಬರೆದು ತೋರಿಸಿ ಎಂದು. ಮಸಿ, ಕುಂಚ, ನಾಲ್ಕು ಹಾಳೆ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಹೋಗಿ ನೋಡಿದರೆ ಹೆಡ್ ಮಾಸ್ತರರು ಬಲು ಉಮೇದಿನಿಂದ ಗ್ರಂಥಾಲಯದ ಕಪಾಟು ತೆಗೆದು ಅದೇ ಪುಸ್ತಕ ಹಿಡಿದು ನಿಂತಿದ್ದಾರೆ. "ಮಕ್ಕಳೇ, ಇದರಾಗಿನ ಚಿತ್ರಾ ತಗದವರು ಇವರೇ ನೋಡ್ರಿ" ಎಂದು ಪರಿಚಯಿಸಿದರು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಪುಸ್ತಕ ಬಿಡಿಸಿ, ಮಕ್ಕಳಿಗೆ ತೋರಿಸುತ್ತ, ಗಟ್ಟಿಯಾಗಿ ಓದಿದೆ.

ನೀಲವ್ವನ ಕಾಲು ಭಾರವಾದವು ಎಂದು ಓದಿದಾಗ ಮುಂದಿನ ಸಾಲಿನ ಒಬ್ಬ ಹುಡುಗಿ ಕೈ ಎತ್ತಿದಳು. ಎರಡು ಜಡೆ, ಹೆಸರು ರೇಣುಕಾ, ನಾಲ್ಕನೇ ತರಗತಿ.

"ಯಾಕ ಭಾರ ಆದ್ವರಿ ಅಕ್ಕಾರ?"

"ಹೊಲದಾಗ ನಡದಳಲ್ಲ, ಅದಕ್ಕ."

ಎದ್ದು ಹತ್ತಿರ ಬಂದು ಪುಟಕ್ಕೆ ಮೂಗು ತಾಗುವಂತೆ ನೋಡಿದಳು. "ಮಳಿ ಬಂದೈತಿ ಅಂತೀರಿ, ಹೊಲದಾಗ ನಡದಾಳ ಅಂತೀರಿ. ಕಾಲಿಗೆ ಏನೂ ಹತ್ತೇ ಇಲ್ಲ. ಕಾರಿನ್ಯಾಗ ಬಂದಾಳೇನ್ರಿ?"

ಎಲ್ಲ ಮಕ್ಕಳೂ ನಕ್ಕರು. ರೇಣುಕಾ ನಗಲಿಲ್ಲ. ನನ್ನ ಮುಖ ನೋಡಿ, ಮರ್ಯಾದೆಯಿಂದಲೇ ಕೇಳಿದಳು: "ನೀವು ಎರಿ ಹೊಲ ನೋಡಿಲ್ಲೇನ್ರಿ ಅಕ್ಕಾರ?"

ಮಾಸ್ತರರ ಬೈಗುಳ ತಿಂದಿದ್ದೇನೆ, ಓಣಿಯವರ ಮಾತು ತಿಂದಿದ್ದೇನೆ. ಈ ಪ್ರಶ್ನೆಯಷ್ಟು ಯಾವುದೂ ನೋಯಿಸಿರಲಿಲ್ಲ. ನನ್ನ ಹೆಸರು ಮುಖಪುಟದ ಮೇಲೆ ಇತ್ತಲ್ಲ. ಆ ಮಗುವಿನ ಲೆಕ್ಕದಲ್ಲಿ ನಾನೇ ಎರೆ ಅರಿಯದವಳು. ಇದು ನಾನು ಬರೆದದ್ದಲ್ಲ, ಬೆಂಗಳೂರಿನವರು ಹೀಗೆ ಮಾಡಿದರು ಎಂದು ಒಂಬತ್ತು ವರ್ಷದ ಹುಡುಗಿಯ ಮುಂದೆ ಚಾಡಿ ಹೇಳುವುದೇ? ಚೀಲದಿಂದ ಮಸಿ ತೆಗೆದೆ. ಪುಸ್ತಕವನ್ನು ನೆಲದ ಮೇಲೆ ಇಟ್ಟು, ಕುಂಚ ಅದ್ದಿ, ನಾಲ್ಕನೇ ಪುಟದ ನೀಲವ್ವನ ಎಡಗಾಲಿಗೆ ರಾಡಿ ಹಚ್ಚಿದೆ. ಬಲಗಾಲಿಗೂ ಹಚ್ಚಿದೆ.

ಹೆಡ್ ಮಾಸ್ತರರು ಗಾಬರಿಯಾಗಿ ಓಡಿ ಬಂದರು. "ಮೇಡಂ, ಮೇಡಂ, ಅದು ಶಾಲಿ ಪುಸ್ತಕರೀ. ರಜಿಸ್ಟರಿಗೆ ಏರಿಸೇವಿ. ಸಾಹೇಬ್ರು ಬಂದು ಕೇಳಿದ್ರ, ಪುಸ್ತಕ ಹಾಳ ಆಗೈತಿ ಅಂತ ನಾ ಹೆಂಗ ಬರೀಲಿ?"

"ರಿಪೇರಿ ಆಗೈತಿ ಅಂತ ಬರೀರಿ ಸರ."

"ಹಂಗ ಬರಿಯಾಕ ಬರಂಗಿಲ್ಲರಿ."

"ಹಂಗಾದ್ರ ನಾ ಹಾಳ ಮಾಡೀನಿ ಅಂತ ಬರದು, ಕೆಳಗ ನನ್ನ ಸಹಿ ತಗೋರಿ."

ಅವರು ಪಂಚಾಯ್ತಿ ಮಾಡುವವರಂತೆ ಸೊಂಟದ ಮೇಲೆ ಕೈ ಇಟ್ಟು ನಿಂತು ನೋಡಿದರು. ಐದನೇ ಪುಟಕ್ಕೆ ಬಂದೆ. ಅವರು ಮೆಲ್ಲಗೆ ಕುಕ್ಕುರುಗಾಲಿನಲ್ಲಿ ಕೂತರು. ಎರೆ ಹೊಲದವರ ಮನೆಯ ಮಗನಾಗಿರಬೇಕು, ಸ್ವಲ್ಪ ಹೊತ್ತಿಗೆ ಬಾಯಿ ತಡೆಯದೆ, "ಹಿಮ್ಮಡದ ಕಡೆ ಇನ್ನೊಂದಿಷ್ಟು ಹಚ್ಚರಿ, ಅಲ್ಲೇ ಜಾಸ್ತಿ ಹತ್ತೂದು" ಎಂದರು. ಆರನೇ ಪುಟಕ್ಕೆ ರೇಣುಕಾ ಕುಂಚ ಕಸಿದುಕೊಂಡಳು. ನೀಲವ್ವನ ಕಾಲು ಪುಟ ದಾಟಿ ಪಕ್ಕದ ಪುಟಕ್ಕೂ ಹಬ್ಬಿತು. ಕೊನೆಗೆ ಹೂಕುಂಡ ಇದ್ದ ಕಡೆ ಇಡೀ ತರಗತಿ ಸೇರಿ ಕರಿ ಹೆಜ್ಜೆಗಳನ್ನು ಸಾಲಾಗಿ ಇಟ್ಟಿತು, ಯಾರದು ದೊಡ್ಡದು ಎಂಬ ಜಗಳದ ಸಮೇತ.

ಮನೆಗೆ ಬಂದು ಮಂಚದ ಕೆಳಗಿನ ಪಾರ್ಸೆಲ್ ಎಳೆದು ಅವ್ವನ ಮುಂದೆ ಇಟ್ಟೆ. ಎಲ್ಲ ಹೇಳಿದೆ. ಸುಳ್ಳು ಹೇಳಿದ್ದನ್ನೂ ಹೇಳಿದೆ. ಅವ್ವ ಒಂದು ಪುಸ್ತಕ ತೆಗೆದು ಪುಟ ತಿರುವಿ, ಹೂಕುಂಡದ ಹತ್ತಿರ ನಿಂತು, "ಖೋಡಿಗೋಳು" ಎಂದಳು. ಆಮೇಲೆ, "ನನಗೊಂದು ಕುಂಚ ಕೊಡ" ಎಂದಳು. ಒಂದು ವಾರ ನಾವಿಬ್ಬರೂ ಮಧ್ಯಾಹ್ನ ಮಧ್ಯಾಹ್ನ ಕೂತು ಬಂದ ಪ್ರತಿಗಳಿಗೆಲ್ಲ ರಾಡಿ ಹಚ್ಚಿದೆವು. ಅವ್ವ ಹಚ್ಚಿದ ಕಾಲು ನಾನು ಹಚ್ಚಿದ್ದಕ್ಕಿಂತ ಚೆನ್ನಾಗಿರುತ್ತಿತ್ತು. ನನಗೆ ಒಳಗೊಳಗೇ ಹೊಟ್ಟೆಕಿಚ್ಚಾಯಿತು.

ಅಲ್ಲಿಂದ ಶುರುವಾದದ್ದು. ಎಲ್ಲಿಂದ ಕರೆ ಬರಲಿ, ಹೋಗಿ ಮೊದಲು ಕಪಾಟು ತೆಗೆಸುತ್ತೇನೆ. ಲಕ್ಷ್ಮೇಶ್ವರದಲ್ಲಿ ಒಬ್ಬ ಶಿಕ್ಷಕಿ ಬಾಗಿಲಿಗೆ ಅಡ್ಡ ನಿಂತು ಮೇಲಿನವರ ಪರವಾನಗಿ ಕೇಳಿದರು; ಮಕ್ಕಳು ಕಿಟಕಿಯಿಂದ ಪುಸ್ತಕ ದಾಟಿಸಿದರು. ಮುಂಡರಗಿಯಲ್ಲಿ ಬೇರೆ ಊರಿನ ಮೂರು ಶಾಲೆಯವರು ತಮ್ಮ ತಮ್ಮ ಪ್ರತಿ ತಂದು ಕಾಯುತ್ತಿದ್ದರು. ಶಿರಹಟ್ಟಿಯಲ್ಲಿ ಮಾತ್ರ ನನ್ನ ಬೇಳೆ ಬೇಯಲಿಲ್ಲ. "ನಮ್ಮ ಕಡೆ ಮಸಾರಿ ಹೊಲರೀ, ಕೆಂಪ ಮಣ್ಣು, ಇಷ್ಟು ಹತ್ತಂಗಿಲ್ಲ" ಎಂದು ಮಕ್ಕಳು ವಾದ ಹೂಡಿದವು. ಅವರ ಮಾತು ಖರೆ. ಅಲ್ಲಿಯ ನೀಲವ್ವನಿಗೆ ಪಾದದ ಅಂಚಿಗಷ್ಟೇ ಕೆಂಪು ಹಚ್ಚಿ ಬಂದೆ, ಅವರು ಹೇಳಿದಷ್ಟೇ.

ಯಾರೋ ಶಿಕ್ಷಕರು ಆ ಪುಟಗಳ ಫೋಟೋ ಹೊಡೆದು ಮೊಬೈಲಿನಲ್ಲಿ ಹರಿಬಿಟ್ಟರು. ಅದು ಹೋಗಿ ಅನುಷಾಳನ್ನು ಮುಟ್ಟಿತು. ಹೋದ ವಾರ ಫೋನು ಬಂತು. ಧ್ವನಿಯಲ್ಲಿ ಬೆಣ್ಣೆ ಸ್ವಲ್ಪ ಕಡಿಮೆಯಾಗಿತ್ತು.

"ಮೇಡಂ, ನೀವು ನಮ್ಮ ಪುಸ್ತಕಗಳನ್ನ ಹಾಳು ಮಾಡ್ತಾ ಇದ್ದೀರಂತೆ. ಹೀಗಾದ್ರೆ ಮುಂದೆ ನಿಮಗೆ ಕೆಲಸ ಕೊಡೋದು ಕಷ್ಟ ಆಗುತ್ತೆ. ನಾನು ಮಾತ್ರ ಅಲ್ಲ, ಬೇರೆಯವರೂ ಕೊಡಲ್ಲ."

ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ನನಗೆ ಬೇರೆ ವಿದ್ಯೆ ಬರುವುದಿಲ್ಲ. ಎದುರು ಮನೆಯ ಕಾಕಾನ ಪ್ರಶ್ನೆಗೆ ಇನ್ನು ಉತ್ತರವೇ ಇರುವುದಿಲ್ಲ.

"ತಿಳೀತ್ರಿ" ಎಂದೆ.

"ಇನ್ನೊಂದು ವಿಷಯ ಮೇಡಂ. ಪುಸ್ತಕಕ್ಕೆ ಬೇಡಿಕೆ ಇದೆ. ಎರಡನೇ ಮುದ್ರಣ ಬರ್ತಾ ಇದೆ, ಈ ಸಲ ರಾಜ್ಯದ ಎಲ್ಲಾ ಕಡೆಗೂ ಹೋಗುತ್ತೆ. ಬೀದರ್, ಮಂಗಳೂರು, ಕೋಲಾರ, ಎಲ್ಲಾ ಕಡೆ."

"ಕಾಲು?"

"ಕಾಲು ಹಾಗೇ ಇರುತ್ತೆ. ಈಗ ಹೇಗಿದೆಯೋ ಹಾಗೇ." ಆಮೇಲೆ ನಿಜವಾಗಿಯೂ ಕನಿಕರದಿಂದಲೇ ಕೇಳಿದಳು: "ಎಲ್ಲಾ ಊರಿಗೂ ಹೋಗಿ ಹಚ್ಚೋಕಾಗುತ್ತಾ ಮೇಡಂ?"

"ನಮ್ಮ ಗದಗ ಜಂಕ್ಷನ್ ಐತ್ರಿ ತಂಗಿ," ಎಂದೆ. "ಇಲ್ಲಿಂದ ಎಲ್ಲಾ ಕಡಿಗೂ ಗಾಡಿ ಅದಾವ."